ಗನ್ನಿಕಡದ ಸೀರೆ



2025ರ ಆಗಸ್ಟ್ 1ರಂದು ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ನಮ್ಮ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅತ್ಯಾಚಾರದ ಅಪರಾಧಿ ಅಂತ ತೀರ್ಪು ಕೊಟ್ಟಿತು. ಮರುದಿನ ಜೀವಾವಧಿ ಶಿಕ್ಷೆ. ಮೇಲ್ಮನವಿ ಹೈಕೋರ್ಟಿಗೆ ಹೋಗಿದೆ. ಆವಾಗಿಂದ ನಮ್ಮ ಕಟ್ಟಾಯದ ಟೀ ಅಂಗಡೀಲೂ ಡಿಎನ್‌ಎ ಅನ್ನೋ ಮಾತು ಬಂದಿದೆ. "ಅಷ್ಟು ವರ್ಷ ಆದ್ಮೇಲೆ ಒಂದು ಹಳೇ ಸೀರೇಲಿ ಏನ್ ಸಿಗುತ್ತೆ?" ಅಂತ ಕೇಳೋರೇ ಜಾಸ್ತಿ. ನಾನು ಬಿಎ ಓದಿದ ಗುಮಾಸ್ತ, ವಿಜ್ಞಾನಿ ಅಲ್ಲ. ಓದಿ ತಿಳಿದಷ್ಟು ಬರೀತಿದ್ದೀನಿ.

ಇದು ಹುಟ್ಟಿದ್ದು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ. 1984ರ ಸೆಪ್ಟೆಂಬರ್ 10ರ ಬೆಳಿಗ್ಗೆ ಅಲೆಕ್ ಜೆಫ್ರಿಸ್ ಎಂಬ ವಿಜ್ಞಾನಿ ಒಂದು ಎಕ್ಸ್‌ರೇ ಫಿಲ್ಮ್ ತೊಳೆದು ನೋಡಿದರು. ಡಿಎನ್‌ಎಯ ಗೆರೆಗಳು ಒಬ್ಬೊಬ್ಬರಿಗೆ ಒಂದೊಂದು ಥರ ಇದ್ದವು. ಅದೇ ಊರಿನ ಹತ್ತಿರ 1983ರಲ್ಲಿ ಒಬ್ಬಳು, 1986ರಲ್ಲಿ ಒಬ್ಬಳು, ಹೀಗೆ ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿ ಕೊಲೆ ಮಾಡಲಾಗಿತ್ತು. 17 ವರ್ಷದ ಒಬ್ಬ ಹುಡುಗ ಪೊಲೀಸರ ಮುಂದೆ ಎರಡನೇ ಕೊಲೆ ಒಪ್ಪಿಕೊಂಡಿದ್ದ. ಪರೀಕ್ಷೆ ಮಾಡಿದರೆ ಇವನದ್ದಲ್ಲ! ಆಮೇಲೆ 5,000ಕ್ಕೂ ಹೆಚ್ಚು ಗಂಡಸರ ಮಾದರಿ ತಗೊಂಡರು. ನಿಜವಾದ ಕೊಲೆಗಾರ ತನ್ನ ಬದಲು ಜೊತೆಗೆ ಕೆಲಸ ಮಾಡುವವನ ರಕ್ತ ಕೊಡಿಸಿದ್ದ. ಅದು ಹೊರಗೆ ಬಂದು, 1988ರಲ್ಲಿ ಅವನಿಗೆ ಶಿಕ್ಷೆಯಾಯಿತು. ಈ ತಂತ್ರಜ್ಞಾನ ಕೊಲೆ ಕೇಸಲ್ಲಿ ಮೊದಲು ಮಾಡಿದ ಕೆಲಸ ಏನು ನೋಡಿ: ಠಾಣೆಯಲ್ಲಿ "ತಪ್ಪೊಪ್ಪಿಕೊಂಡ" ನಿರಪರಾಧಿಯನ್ನ ಬಿಡಿಸಿದ್ದು. ಠಾಣೆಯ ತಪ್ಪೊಪ್ಪಿಗೆ ಅಂದ್ರೆ ಏನು ಅಂತ ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಭಾರತಕ್ಕೆ ಇದನ್ನು ತಂದವರು ಹೈದರಾಬಾದಿನ ಸಿಸಿಎಂಬಿಯ ಲಾಲ್‌ಜಿ ಸಿಂಗ್. ಉತ್ತರ ಪ್ರದೇಶದ ಹಳ್ಳಿ ಹುಡುಗ, ಕಾಶಿಯಲ್ಲಿ ಓದುವಾಗ ಹಾವುಗಳ ವರ್ಣತಂತು ಹಿಡಿದು ಕೂತವರು. ಕಟ್ಟುಹಾವಿನ ಜಾತಿಯ ಒಂದು ಹಾವಿನಲ್ಲಿ ಕಂಡ ಡಿಎನ್‌ಎ ತುಣುಕನ್ನೇ ಇಟ್ಟುಕೊಂಡು 1988ರಲ್ಲಿ ಇಲ್ಲಿಯದೇ ಆದ ವಿಧಾನ ಕಟ್ಟಿದರು. ಅದು ಮೊದಲು ಕೋರ್ಟು ಹತ್ತಿದ್ದು ಕೇರಳದ ತಲಶ್ಶೇರಿಯಲ್ಲಿ, 1989ರಲ್ಲಿ. ಮಗು ತನ್ನದಲ್ಲ ಅಂತ ಗಂಡಸು ಹೇಳ್ತಿದ್ದ, ತಾಯಿ ಜೀವನಾಂಶ ಕೇಳ್ತಿದ್ದಳು. ಮಗು ಅವನದ್ದೇ ಅಂತ ಪರೀಕ್ಷೆ ಹೇಳಿತು.

ಆ ಕಾಲದ ಪರೀಕ್ಷೆಗೆ ಸಾಕಷ್ಟು ರಕ್ತವೋ ವೀರ್ಯವೋ ಬೇಕಿತ್ತು. ಈಗ ಪಿಸಿಆರ್ ಎಂಬ ವಿಧಾನ ಇದೆ. ಕೆಲವೇ ಜೀವಕೋಶ ಸಿಕ್ಕರೂ ಅದರ ಡಿಎನ್‌ಎಯನ್ನ ಲಕ್ಷ ಕೋಟಿ ಪ್ರತಿ ಮಾಡಬಹುದು, ಜೆರಾಕ್ಸ್ ಇದ್ದ ಹಾಗೆ. ನಮ್ಮ ಡಿಎನ್‌ಎಯ ಕೆಲವು ಜಾಗಗಳಲ್ಲಿ ಒಂದೇ ಸಣ್ಣ ಅಕ್ಷರಗುಚ್ಛ ಮತ್ತೆ ಮತ್ತೆ ಬರುತ್ತೆ. ಇದಕ್ಕೆ ಎಸ್‌ಟಿಆರ್ ಅಂತಾರೆ. ಒಂದು ಜಾಗದಲ್ಲಿ ಅಮ್ಮನಿಂದ 9 ಸಲ ಬಂದಿದ್ದರೆ ಅಪ್ಪನಿಂದ 12 ಸಲ ಬಂದಿರಬಹುದು. ಹೀಗೆ ಸುಮಾರು 20 ಜಾಗ ಎಣಿಸಿ ತಾಳೆ ನೋಡ್ತಾರೆ. ಎಲ್ಲಾ ಜಾಗದಲ್ಲೂ ಒಂದೇ ಎಣಿಕೆ ಬರೋದು ತದ್ರೂಪಿ ಅವಳಿ ಜವಳಿ ಬಿಟ್ಟರೆ ಬೇರೆಯವರಲ್ಲಿ ಇಲ್ಲ ಅನ್ನೋವಷ್ಟು ಅಪರೂಪ.

ಬಟ್ಟೆ ಮೇಲಿನ ಕಲೆಯಲ್ಲಿ ಹೆಣ್ಣಿನ ಜೀವಕೋಶವೂ ಸೇರಿರುತ್ತಲ್ಲ? ವೀರ್ಯಾಣುವಿನ ತಲೆ ಗಟ್ಟಿ. ಮೊದಲ ರಾಸಾಯನಿಕಕ್ಕೆ ಹೆಣ್ಣಿನ ಕೋಶ ಒಡೆಯುತ್ತೆ, ಅದು ಒಡೆಯಲ್ಲ. ಅದನ್ನ ಬೇರೆ ಮಾಡಿ ಆಮೇಲೆ ಇನ್ನೊಂದರಿಂದ ಒಡೀತಾರೆ. ಇದನ್ನ 1985ರಲ್ಲೇ ಕಂಡುಹಿಡಿದಿದ್ದರು.

ಈಗ ಹೊಳೆನರಸೀಪುರದ ಗನ್ನಿಕಡಕ್ಕೆ ಬನ್ನಿ. ಅಲ್ಲಿನ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು ಹೇಳಿದ ಘಟನೆ 2021ರದ್ದು, ದೂರು 2024ರದ್ದು. ಯಾಕೆ ಇಷ್ಟು ತಡ ಅನ್ನೋದೇ ಆರೋಪಿ ಕಡೆಯ ದೊಡ್ಡ ಪ್ರಶ್ನೆ. ಆ ಮನೆಯ ಅಧಿಕಾರ ಎಷ್ಟು ಅಂತ ಈ ಜಿಲ್ಲೆಯವರು ಆ ಪ್ರಶ್ನೆ ಕೇಳಬಾರದು! ವಿಶೇಷ ತನಿಖಾ ತಂಡ ಆಕೆಯ ಬಟ್ಟೆ ವಶಪಡಿಸಿಕೊಂಡು ಪ್ರಯೋಗಾಲಯಕ್ಕೆ ಕಳಿಸಿತು. ಸಿಕ್ಕ ಡಿಎನ್‌ಎ ತಾಳೆಯಾಯಿತು. ಒಗೆಯದೆ, ಒಣಗಿ ಮೂಲೇಲಿ ಬಿದ್ದ ಬಟ್ಟೆಯಲ್ಲಿ ಡಿಎನ್‌ಎ ವರ್ಷಗಟ್ಟಲೆ ಉಳಿಯುತ್ತೆ. ಅದನ್ನ ಹಾಳು ಮಾಡೋದು ತೇವ, ಬೂಷ್ಟು, ಬಿಸಿಲು. ಟೀ ಅಂಗಡಿ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಸೀರೆ ಒಂದೇ ಅಲ್ಲ, ಕೋರ್ಟಿನ ಮುಂದೆ ನಿಂತು ಹೇಳಿದ ಆ ಹೆಂಗಸಿನ ಮಾತೂ ಇತ್ತು. ಅದನ್ನ ಮರೆತು "ವಿಜ್ಞಾನ ಗೆದ್ದಿತು" ಅಂತ ಬರೆಯೋರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ.

ಯಾಕಂದ್ರೆ ಹಾಥರಸ್ ನೋಡಿ. 2020ರ ಸೆಪ್ಟೆಂಬರ್ 14ಕ್ಕೆ ನಮ್ಮ ದಲಿತ ಮಗಳ ಮೇಲೆ ದಾಳಿ. ಮಾದರಿ ಪ್ರಯೋಗಾಲಯ ಮುಟ್ಟಿದ್ದು 25ಕ್ಕೆ, 11 ದಿನ ಆದ್ಮೇಲೆ! ದೇಹದೊಳಗಿನ ವೀರ್ಯದ ಗುರುತು ಮೂರು ನಾಲ್ಕು ದಿನಕ್ಕೇ ಹೋಗಿಬಿಡುತ್ತೆ. ಹೆಣವನ್ನ ರಾತ್ರೋರಾತ್ರಿ ಸುಟ್ಟರು. ಆಮೇಲೆ ದೊಡ್ಡ ಪೊಲೀಸ್ ಅಧಿಕಾರಿ ಬಂದು, ವೀರ್ಯ ಸಿಕ್ಕಿಲ್ಲ, ಹಾಗಾಗಿ ಅತ್ಯಾಚಾರ ಆಗಿಲ್ಲ ಅಂದರು. ವೀರ್ಯ ಸಿಗಲೇಬೇಕು ಅಂತ ಕಾನೂನಲ್ಲಿ ಎಲ್ಲೂ ಇಲ್ಲ. ಸಿಬಿಐ ಸಾಮೂಹಿಕ ಅತ್ಯಾಚಾರ ಅಂತಲೇ ಆರೋಪಪಟ್ಟಿ ಹಾಕಿತು. 2023ರ ಮಾರ್ಚ್‌ನಲ್ಲಿ ಕೋರ್ಟು ಮೂವರನ್ನ ಬಿಟ್ಟಿತು, ಒಬ್ಬನಿಗೆ ಮಾತ್ರ ಶಿಕ್ಷೆ, ಅದೂ ಅತ್ಯಾಚಾರಕ್ಕಲ್ಲ.

ತಮಿಳುನಾಡಿನ ವೇಂಗೈವಯಲ್ ಇನ್ನೊಂದು ಕಥೆ. 2022ರ ಡಿಸೆಂಬರ್‌ನಲ್ಲಿ ದಲಿತರು ಕುಡಿಯುವ ನೀರಿನ ಟ್ಯಾಂಕಿಗೆ ಮಲ ಹಾಕಿದರು. ಆಮೇಲೆ ಡಿಎನ್‌ಎಗೆ ರಕ್ತ ಕೊಡಿ ಅಂತ ಆ ನೀರು ಕುಡಿದವರನ್ನೇ ಕರೆದರು. ಕೆಲವರು ಕೊಡಲ್ಲ ಅಂದರು. 30ಕ್ಕೂ ಹೆಚ್ಚು ಜನರ ಮಾದರಿ ತಗೊಂಡರೂ ಯಾರದ್ದೂ ತಾಳೆಯಾಗಲಿಲ್ಲ. ಕಡೆಗೆ 2025ರ ಜನವರಿಯಲ್ಲಿ ಆರೋಪಪಟ್ಟಿ ಬಂದಿದ್ದು ಮೂವರು ದಲಿತ ಯುವಕರ ಮೇಲೆ.

ನಾನು ದಿನಾ ಆವಕ-ಜಾವಕ ಬರೆಯೋನು. ಒಂದು ಕಾಗದ ಯಾವ ಟೇಬಲಲ್ಲಿ ಎಷ್ಟು ದಿನ ಮಲಗಿತ್ತು ಅಂತ ಆ ಪುಸ್ತಕವೇ ಹೇಳುತ್ತೆ. ಪ್ರಯೋಗಾಲಯದ ಯಂತ್ರ ತನಗೆ ಬಂದಿದ್ದನ್ನ ಮಾತ್ರ ಓದೋದು. ಯಾರು ವಶಪಡಿಸಿಕೊಂಡರು, ಸೀಲು ಯಾರು ಹಾಕಿದರು, ಯಾವತ್ತು ಕಳಿಸಿದರು, ಎಲ್ಲಾ ಠಾಣೆಯ ಕೈಯಲ್ಲೇ.

ಅದಕ್ಕೇ ಹಾಸನ, ಅರಕಲಗೂಡು, ಚನ್ನರಾಯಪಟ್ಟಣದ ನಮ್ಮ ಕಾರ್ಯಕರ್ತರಿಗೆ ಒಂದು ಮಾತು. ಯಾರಾದರೂ ಅಕ್ಕತಂಗಿ ಕಷ್ಟ ಹೇಳಿಕೊಂಡು ಬಂದರೆ, ಬಟ್ಟೆ ಒಗೆಯಬೇಡಿ ಅನ್ನಿ. ಒದ್ದೆ ಇದ್ದರೆ ನೆರಳಲ್ಲಿ ಒಣಗಿಸಿ ಪೇಪರ್ ಕವರಲ್ಲಿ ಇಡಿ, ಪ್ಲಾಸ್ಟಿಕ್ ಕವರ್ ಬೇಡ, ಬೆವತು ಬೂಷ್ಟು ಹಿಡಿಯುತ್ತೆ. ನೀವು ಜಾಸ್ತಿ ಮುಟ್ಟಬೇಡಿ. ತಡ ಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ. ದೌರ್ಜನ್ಯ ತಡೆ ಕಾಯ್ದೆಯ ಕೇಸಾದರೆ ತನಿಖೆ ಮಾಡಬೇಕಾದ್ದು ಡಿವೈಎಸ್‌ಪಿ. ಪೊಲೀಸರು ಬಟ್ಟೆ ತಗೊಂಡಾಗ ಪಂಚನಾಮೆಯ ನಕಲು ಕೇಳಿ, ಪ್ರಯೋಗಾಲಯಕ್ಕೆ ಕಳಿಸಿದ ತಾರೀಖು ಕೇಳಿ, ಬರೆದಿಟ್ಟುಕೊಳ್ಳಿ.