ಭಾವನವರ ನಾಲ್ಕು ನಿಮಿಷ: ಟಿವಿ ಮುದ್ರಣದ ಬೀಗಗಳ ಒಂದು ಚರಿತ್ರೆ

ಚರಿತ್ರೆಯೆಂದರೆ ರಾಜರ ಪಟ್ಟಾಭಿಷೇಕ ಮತ್ತು ಯುದ್ಧಗಳ ಇಸವಿಗಳು ಎಂದು ನನ್ನ ತರಗತಿಯಲ್ಲಿ ಕುಳಿತವರು ತಿಳಿದಿದ್ದರೆ ಆ ತಪ್ಪು ನನ್ನದೇ. ಮನೆಯ ಮೂಲೆಯಲ್ಲಿರುವ ಒಂದು ಕಪ್ಪು ಪೆಟ್ಟಿಗೆಗೂ ಚರಿತ್ರೆಯುಂಟು. ಕಾನೂನು, ವ್ಯಾಪಾರ, ಗಣಿತ ಮೂರೂ ಅದರೊಳಗೆ ಸೇರಿಕೊಂಡಿರುತ್ತವೆ. ಇದನ್ನು ನಾನು ಕಲಿತದ್ದು ೨೦೧೯ರ ಬೇಸಿಗೆಯಲ್ಲಿ, ಇಂಗ್ಲೆಂಡಿನ ಲೆಸ್ಟರ್ ನಗರದ ಅಕ್ಕನ ಮನೆಯಲ್ಲಿ.

ಭಾವನವರು ಆ ಊರಿನಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ವೈದ್ಯರಾಗಿದ್ದರೆಂಬುದು ನಮ್ಮ ಬಂಧುಗಳಿಗೆಲ್ಲ ತಿಳಿದದ್ದೇ. ೨೦೧೩ರಲ್ಲಿ ಅವರು ನಿವೃತ್ತರಾದಾಗ ಅಲ್ಲಿಯ ಪ್ರಾದೇಶಿಕ ವಾರ್ತೆಯಲ್ಲಿ ಅವರ ಕುರಿತು ನಾಲ್ಕು ನಿಮಿಷಗಳ ಒಂದು ತುಣುಕು ಪ್ರಸಾರವಾಯಿತು. ಅಕ್ಕ ಅದನ್ನು ಟಿವಿಯ ಕೆಳಗಿದ್ದ ರೆಕಾರ್ಡರಿನಲ್ಲಿ ಮುದ್ರಿಸಿಕೊಂಡಿದ್ದಳು. ೨೦೧೮ರಲ್ಲಿ ಭಾವನವರು ತೀರಿಕೊಂಡರು. ಅವರು ಮಾತನಾಡುವುದನ್ನು ಕಾಣಬಹುದಾದ ಚಿತ್ರ ಮನೆಯಲ್ಲಿ ಬೇರೊಂದಿರಲಿಲ್ಲ. ಅಕ್ಕ ವಾರಕ್ಕೊಮ್ಮೆಯಾದರೂ ಅದನ್ನು ಹಾಕಿಕೊಂಡು ನೋಡುತ್ತಿದ್ದಳಂತೆ. ನಾನು ಹೋಗುವ ಹೊತ್ತಿಗೆ ಪೆಟ್ಟಿಗೆ ಕೆಟ್ಟು ನಿಂತಿತ್ತು. ಗುಂಡಿ ಒತ್ತಿದರೆ ಒಂದು ಕೆಂಪು ದೀಪ ಮಿನುಗಿ ಆರುತ್ತಿತ್ತು, ಅಷ್ಟೆ.

“ಪೆಟ್ಟಿಗೆ ಹೋದರೆ ಹೋಗಲಿ ಕಣೋ, ಒಳಗಿರುವುದು ಬೇಕು” ಎಂದಳು ಅಕ್ಕ.

ಅಕ್ಕನ ಮಗ ಪೆಟ್ಟಿಗೆಯನ್ನು ಬಿಚ್ಚಿ ಹಾರ್ಡ್ ಡಿಸ್ಕನ್ನು ಹೊರತೆಗೆದು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದ. ಕೂಡಲೇ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಅವನ ಬೆರಳು ಹೌದೆನ್ನುವುದರಲ್ಲಿತ್ತು. ನನಗೆ ಏನೋ ಅನುಮಾನವಾಗಿ ತಡೆದೆ. ಆ ದೇಶದಲ್ಲೇ ಇರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆ. ಅವನು ಎಂಜಿನಿಯರು. ಹೆಸರು ಬರೆಯಬೇಡಿ ಎಂದಿದ್ದಾನೆ, ಅವನ ಸಹಪಾಠಿಗಳು ಊಹಿಸಿಯಾರು. “ಸಾರ್, ಫಾರ್ಮ್ಯಾಟ್ ಮಾತ್ರ ಒತ್ತಬೇಡಿ!” ಎಂದು ಕೂಗಿದ. ಈ ಪೆಟ್ಟಿಗೆಗಳೊಳಗೆ ಓಡುವುದು ಲಿನಕ್ಸ್. ಅದು ಡಿಸ್ಕನ್ನು ಜೋಡಿಸಿಡುವ ಕ್ರಮ ವಿಂಡೋಸಿಗೆ ಅರ್ಥವಾಗುವುದಿಲ್ಲ. ಅರ್ಥವಾಗದ್ದನ್ನು ಅದು ಖಾಲಿಯೆಂದು ಭಾವಿಸುತ್ತದೆ. ಪರಿಚಯವಿಲ್ಲದ ಲಿಪಿಯ ತಾಳೆಗರಿಯನ್ನು ಒಲೆಗೆ ಹಾಕಿದವರ ಕಥೆಗಳು ನಮ್ಮಲ್ಲಿಯೂ ಇವೆಯಷ್ಟೆ.

ಅವನ ಸೂಚನೆಯಂತೆ ಲ್ಯಾಪ್‌ಟಾಪನ್ನು ಲಿನಕ್ಸಿನಲ್ಲಿ ತೆರೆದಾಗ ಕಡತಗಳು ಕಂಡವು. ಒಂದೊಂದು ಮುದ್ರಿಕೆಗೂ ಒಂದೇ ಹೆಸರಿನ ಮೂರು ಕಡತಗಳು. ಟಿಎಸ್ ಎಂದು ಕೊನೆಗೊಳ್ಳುವ ದೊಡ್ಡ ಕಡತದಲ್ಲಿ ಚಿತ್ರ ಮತ್ತು ಧ್ವನಿ ಇರುತ್ತವೆ. ೧೮೮ ಬೈಟುಗಳ ಸಣ್ಣ ಸಣ್ಣ ಪೊಟ್ಟಣಗಳಾಗಿ ಗಾಳಿಯಲ್ಲಿ ಬಂದ ಪ್ರಸಾರವೇ ಅಲ್ಲಿ ಸಾಲಾಗಿ ಕುಳಿತಿರುತ್ತದೆ. ಎನ್‌ಟಿಎಸ್ ಎಂಬುದು ಮುಂದಕ್ಕೂ ಹಿಂದಕ್ಕೂ ಓಡಿಸಲು ಬೇಕಾದ ಸೂಚಿ. ಎಚ್‌ಎಮ್‌ಟಿ ಎಂಬ ಮೂರನೆಯ ಪುಟ್ಟ ಕಡತವೇ ಮೆಟಾಡೇಟಾ: ಕಾರ್ಯಕ್ರಮದ ಹೆಸರು, ವಾಹಿನಿ, ದಿನಾಂಕ, ಅವಧಿ, ಎಲ್ಲಿಯವರೆಗೆ ನೋಡಿ ನಿಲ್ಲಿಸಿದ್ದೇವೆ ಎಂಬ ಗುರುತು, ಜೊತೆಗೆ ನಕಲಿಗೆ ಅನುಮತಿಯುಂಟೇ ಇಲ್ಲವೇ ಎಂಬ ಒಂದು ಸಣ್ಣ ಚಿಹ್ನೆ. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು ಇತ್ತಲ್ಲ, ಅದೇ ಇದು.

ದೊಡ್ಡ ಕಡತವನ್ನು ತೆರೆದರೆ ಏನೂ ಬರಲಿಲ್ಲ. ಗಾತ್ರ ಸರಿಯಾಗಿತ್ತು, ಡಿಸ್ಕು ಗಟ್ಟಿಯಾಗಿತ್ತು. ಆದರೆ ಪೆಟ್ಟಿಗೆ ತಾನು ಮುದ್ರಿಸಿದ್ದೆಲ್ಲವನ್ನೂ ಗೂಢಲಿಪಿಗೆ ತಿರುಗಿಸಿಯೇ ಇಟ್ಟುಕೊಂಡಿತ್ತು. ಬಿಡಿಸುವ ಕೀಲಿ ಆ ಒಂದೇ ಪೆಟ್ಟಿಗೆಗೆ ಸೇರಿದ್ದು. ಅದೇ ಮಾದರಿಯ ಇನ್ನೊಂದು ಪೆಟ್ಟಿಗೆ ತಂದರೂ ಪ್ರಯೋಜನವಿಲ್ಲ.

ಗಾಳಿಯಲ್ಲಿ ಎಲ್ಲರಿಗೂ ಉಚಿತವಾಗಿ ಬಂದದ್ದು ಮನೆಯೊಳಗೆ ಬಂದ ಮೇಲೆ ಏಕೆ ಬೀಗದೊಳಗೆ ಸೇರಿತು? ಇಲ್ಲಿಂದ ಚರಿತ್ರೆ ಆರಂಭವಾಗುತ್ತದೆ.

೧೯೭೫ರಲ್ಲಿ ಸೋನಿ ಕಂಪನಿ ಬೀಟಾಮ್ಯಾಕ್ಸ್ ಎಂಬ ವಿಡಿಯೊ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮರುವರ್ಷವೇ ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು ಅಮೆರಿಕದಲ್ಲಿ ದಾವೆ ಹೂಡಿದವು. ಮನೆಯಲ್ಲಿ ಕಾರ್ಯಕ್ರಮ ಮುದ್ರಿಸುವುದು ಕೃತಿಸ್ವಾಮ್ಯದ ಉಲ್ಲಂಘನೆ, ಅದಕ್ಕೆ ಯಂತ್ರ ಮಾಡಿದವನೂ ಹೊಣೆ ಎಂಬುದು ಅವುಗಳ ವಾದ. ೧೯೮೪ರ ಜನವರಿ ೧೭ರಂದು ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ ಸೋನಿಯ ಪರವಾಗಿ ತೀರ್ಪಿತ್ತಿತು. ಒಂದು ಹೊತ್ತಿನಲ್ಲಿ ಬಂದುದನ್ನು ಮನೆಯಲ್ಲಿ ಮುದ್ರಿಸಿ ಇನ್ನೊಂದು ಹೊತ್ತಿನಲ್ಲಿ ನೋಡುವುದು ತಪ್ಪಲ್ಲವೆಂದಾಯಿತು. ಒಬ್ಬ ನ್ಯಾಯಮೂರ್ತಿ ಆಚೆಗೆ ವಾಲಿದ್ದರೆ ಮನೆಮನೆಯ ವಿಸಿಆರ್‌ಗಳ ಕಥೆ ಬೇರೆಯಾಗುತ್ತಿತ್ತು. ಬ್ರಿಟನ್ನಿನಲ್ಲಿಯೂ ೧೯೮೮ರ ಕೃತಿಸ್ವಾಮ್ಯ ಕಾಯಿದೆಯ ೭೦ನೆಯ ಕಲಮು ಇದನ್ನೇ ಒಪ್ಪಿಕೊಂಡಿತು.

ಆ ಕಾಲದ ಕ್ಯಾಸೆಟ್ಟಿಗೆ ಬೀಗವಿರಲಿಲ್ಲ. ನಮ್ಮ ತಮ್ಮನ ಮದುವೆಯ ಕ್ಯಾಸೆಟ್ಟನ್ನು ಇಲ್ಲಿಂದ ಅಂಚೆಯಲ್ಲಿ ಕಳುಹಿಸಿದೆವು. ಭಾರತವೂ ಬ್ರಿಟನ್ನೂ ಪಾಲ್ ಪದ್ಧತಿಯ ದೇಶಗಳಾದುದರಿಂದ ಅದು ಲೆಸ್ಟರಿನ ಯಂತ್ರದಲ್ಲಿ ಓಡಿತು. ಆದರೆ ಅದರ ನಕಲಿನ ನಕಲು ಮಸುಕಾಗುತ್ತಿತ್ತು. ಆ ಮಸುಕೇ ಚಿತ್ರದ ಒಡೆಯರಿಗೆ ಒಂದು ಬಗೆಯ ರಕ್ಷಣೆಯಾಗಿತ್ತು.

೧೯೯೯ರಲ್ಲಿ ಅಮೆರಿಕದಲ್ಲಿ ಟಿವೊ ಎಂಬ ಹಾರ್ಡ್ ಡಿಸ್ಕಿನ ರೆಕಾರ್ಡರ್ ಬಂದಿತು. ಡಿಜಿಟಲ್ ನಕಲು ಮೂಲದಷ್ಟೇ ಸ್ಪಷ್ಟ. ಒಡೆಯರ ಭಯ ಹೆಚ್ಚಿತು. ಅಮೆರಿಕದ ಸಂಪರ್ಕ ಆಯೋಗವು ೨೦೦೩ರ ನವೆಂಬರಿನಲ್ಲಿ ‘ಬ್ರಾಡ್‌ಕಾಸ್ಟ್ ಫ್ಲ್ಯಾಗ್’ ಎಂಬ ನಿಯಮವನ್ನು ಹೊರಡಿಸಿತು. ಪ್ರಸಾರದೊಡನೆ ಒಂದು ಚಿಹ್ನೆ ಬರುತ್ತದೆ, ಎಲ್ಲ ಯಂತ್ರಗಳೂ ಅದಕ್ಕೆ ತಲೆಬಾಗಬೇಕು. ೨೦೦೫ರ ಜುಲೈಯಲ್ಲಿ ಅದು ಜಾರಿಗೆ ಬರಬೇಕಿತ್ತು. ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದವರಲ್ಲಿ ಮೊದಲ ಹೆಸರು ಅಮೆರಿಕದ ಗ್ರಂಥಾಲಯ ಸಂಘದ್ದು! ಪ್ರಸಾರವನ್ನು ಸ್ವೀಕರಿಸಿದ ಮೇಲೆ ಯಂತ್ರ ಏನು ಮಾಡಬೇಕೆಂದು ವಿಧಿಸುವ ಅಧಿಕಾರ ಆಯೋಗಕ್ಕಿಲ್ಲವೆಂದು ನ್ಯಾಯಾಲಯ ಅದೇ ವರ್ಷದ ಮೇ ತಿಂಗಳಿನಲ್ಲಿ ನಿಯಮವನ್ನು ತಳ್ಳಿಹಾಕಿತು. ಜಪಾನಿನಲ್ಲಿ ಬೇರೆಯೇ ದಾರಿ. ೨೦೦೪ರಿಂದ ಅಲ್ಲಿ ಒಂದೇ ಮುದ್ರಣ ಎಂಬ ನಿಯಮವಿತ್ತು. ಜನರ ಬೇಸರದ ಫಲವಾಗಿ ೨೦೦೮ರ ಜುಲೈಯಲ್ಲಿ ಅದನ್ನು ಹತ್ತು ಪ್ರತಿಗಳಿಗೆ ಸಡಿಲಿಸಿದರು.

ಬ್ರಿಟನ್ನಿನ ಕಥೆ ಇನ್ನೂ ಸ್ವಾರಸ್ಯಕರ. ೨೦೦೯ರ ಡಿಸೆಂಬರಿನಲ್ಲಿ ಅಲ್ಲಿ ಫ್ರೀವ್ಯೂ ಎಚ್‌ಡಿ ಪ್ರಸಾರ ಆರಂಭವಾಯಿತು. ರಕ್ಷಣೆಯಿಲ್ಲದಿದ್ದರೆ ಹಕ್ಕುದಾರರು ಉತ್ತಮ ಕಾರ್ಯಕ್ರಮಗಳನ್ನು ಎಚ್‌ಡಿಯಲ್ಲಿ ಕೊಡುವುದಿಲ್ಲವೆಂದು ಬಿಬಿಸಿ ವಾದಿಸಿತು. ಜನರ ಪರವಾನಗಿ ಶುಲ್ಕದಿಂದ ನಡೆಯುವ ಸಂಸ್ಥೆ ಚಿತ್ರಕ್ಕೇ ಬೀಗ ಹಾಕುವಂತಿರಲಿಲ್ಲ. ಆದುದರಿಂದ ಅದು ಕಾರ್ಯಕ್ರಮಪಟ್ಟಿಗೆ ಬೀಗ ಹಾಕಲು ಹೊರಟಿತು. ಪಟ್ಟಿಯನ್ನು ಹಫ್‌ಮನ್ ವಿಧಾನದಿಂದ ಸಂಕ್ಷೇಪಿಸಿ ಕಳುಹಿಸುವುದು, ಬಿಡಿಸುವ ಕೋಷ್ಟಕವನ್ನು ಒಪ್ಪಂದಕ್ಕೆ ಸಹಿ ಹಾಕಿದ ತಯಾರಕರಿಗಷ್ಟೇ ಕೊಡುವುದು, ಇದು ಉಪಾಯ. ಹಫ್‌ಮನ್ ವಿಧಾನವೆಂದರೆ ಗಾಬರಿಯಾಗಬೇಡಿ. ಹೆಚ್ಚಾಗಿ ಬರುವ ಅಕ್ಷರಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದದ ಸಂಕೇತ. ತಂತಿಯ ಮೋರ್ಸ್ ಸಂಕೇತದಲ್ಲಿ ‘ಇ’ ಎಂಬ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಚುಕ್ಕೆ ಇದ್ದಂತೆ. ಡೇವಿಡ್ ಹಫ್‌ಮನ್ ಇದನ್ನು ೧೯೫೨ರಲ್ಲಿ ಪ್ರಕಟಿಸಿದಾಗ ಅವನಿನ್ನೂ ವಿದ್ಯಾರ್ಥಿ.

ಮುಕ್ತ ತಂತ್ರಾಂಶದವರೂ ಗ್ರಾಹಕರ ಪರವಾದವರೂ ಇದನ್ನು ವಿರೋಧಿಸಿದರು. ಆದರೂ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್ ೨೦೧೦ರ ಜೂನ್‌ನಲ್ಲಿ ಅನುಮತಿ ಕೊಟ್ಟಿತು. ಪುಸ್ತಕಗಳು ತೆರೆದ ಕಪಾಟಿನಲ್ಲೇ ಇರುತ್ತವೆ. ಆದರೆ ಕಾರ್ಡುಗಳ ಪೆಟ್ಟಿಗೆಯ ಕೀಲಿ ಬೇಕಾದರೆ, ಪುಸ್ತಕವನ್ನು ಯಾರಿಗೆ ಕೊಡಬಾರದು ಎಂಬ ನಿಯಮಕ್ಕೆ ಮೊದಲು ಸಹಿ ಹಾಕಬೇಕು. ಅಕ್ಕನ ಮನೆಯ ಪೆಟ್ಟಿಗೆ ಆ ಕಾಲದ್ದು.

ಇನ್ನು ನಮ್ಮ ರಿಪೇರಿಗೆ ಬರೋಣ. ಪೆಟ್ಟಿಗೆಯನ್ನೇ ಬದುಕಿಸದೆ ಗತ್ಯಂತರವಿರಲಿಲ್ಲ. ಊರಿನ ಒಂದು ಚಿಕ್ಕ ಅಂಗಡಿಯವನು ವಿದ್ಯುತ್ ಪೂರೈಸುವ ಭಾಗವನ್ನು ಬದಲಿಸಿಕೊಟ್ಟ. ಡಿಸ್ಕನ್ನು ಮರಳಿ ಕೂರಿಸಿದೆವು. ಪೆಟ್ಟಿಗೆ ಎದ್ದಿತು, ಮುದ್ರಿಕೆಗಳ ಪಟ್ಟಿ ಬಂದಿತು. ಆದರೆ ಭಾವನವರ ವಾರ್ತೆಯನ್ನು ಮಾತ್ರ ಪೆಟ್ಟಿಗೆ ತನ್ನದೆಂದು ಗುರುತಿಸಲಿಲ್ಲ. ಅಕ್ಕ ಏನೂ ಮಾತನಾಡದೆ ಅಡುಗೆಮನೆಗೆ ಹೋದಳು.

ಫೋನಿನಲ್ಲಿದ್ದ ಶಿಷ್ಯ ಕೇಳಿದ, “ಸಾರ್, ಸಣ್ಣ ಕಡತಗಳು ದೊಡ್ಡದರ ಪಕ್ಕದಲ್ಲೇ ಇವೆಯೇ?” ಅಕ್ಕನ ಮಗನ ಮುಖ ಬಿಳಿಚಿಕೊಂಡಿತು. ಪರೀಕ್ಷಿಸುವಾಗ ಆ ಎರಡು ಪುಟ್ಟ ಕಡತಗಳನ್ನು ಅವನು ತನ್ನ ಲ್ಯಾಪ್‌ಟಾಪಿಗೆ ಸಾಗಿಸಿ, ಕೆಲಸಕ್ಕೆ ಬಾರದವೆಂದು ಅಲ್ಲಿಯೇ ಬಿಟ್ಟಿದ್ದ. ಪುಣ್ಯಕ್ಕೆ ಅಳಿಸಿರಲಿಲ್ಲ. ಮತ್ತೆ ಡಿಸ್ಕು ತೆಗೆದು, ಅವನ್ನು ಅವುಗಳ ಸ್ಥಾನದಲ್ಲಿಟ್ಟು, ಮತ್ತೆ ಕೂರಿಸಿದ್ದಾಯಿತು. ಈ ಸಲ ಪಟ್ಟಿಯಲ್ಲಿ ವಾರ್ತೆಯ ಹೆಸರೂ ದಿನಾಂಕವೂ ಸರಿಯಾಗಿ ಕಾಣಿಸಿದವು. ಗುಂಡಿ ಒತ್ತಿದರೆ ಭಾವನವರು ತಮ್ಮ ಚಿಕಿತ್ಸಾಲಯದ ಬಾಗಿಲಲ್ಲಿ ನಿಂತಿದ್ದರು.

ಪೆಟ್ಟಿಗೆ ಮತ್ತೆ ಕೆಡುವ ಮೊದಲು ಪೆನ್‌ಡ್ರೈವಿಗೆ ನಕಲು ಮಾಡಿದೆವು. ಹಳೆಯ ಗುಣಮಟ್ಟದ ಪ್ರಸಾರಗಳಿಗೆ ನಿರ್ಬಂಧವಿರಲಿಲ್ಲವಾದ್ದರಿಂದ ನಕಲಾಗುವಾಗ ಪೆಟ್ಟಿಗೆಯೇ ಗೂಢಲಿಪಿಯನ್ನು ಬಿಡಿಸಿಕೊಟ್ಟಿತು. ೨೦೧೩ರಲ್ಲಿ ಬಿಬಿಸಿ ಒನ್‌ನ ಎಚ್‌ಡಿ ವಾಹಿನಿಯಲ್ಲಿ ಇಂಗ್ಲೆಂಡಿನ ಪ್ರಾದೇಶಿಕ ವಾರ್ತೆಗಳು ಬರುತ್ತಿರಲಿಲ್ಲ. ಆ ಕೊರತೆಯೇ ನಮ್ಮನ್ನು ಕಾಪಾಡಿತು. ಪರೀಕ್ಷೆಗೆಂದು, ಅಕ್ಕ ಎಚ್‌ಡಿಯಲ್ಲಿ ಮುದ್ರಿಸಿದ್ದ ೨೦೧೨ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯನ್ನೂ ನಕಲು ಮಾಡಿದೆವು. ಅದು ಬೀಗದೊಡನೆಯೇ ಬಂದು ಲ್ಯಾಪ್‌ಟಾಪಿನಲ್ಲಿ ತೆರೆಯಲಿಲ್ಲ. ಅದರ ಡಿಸ್ಕು ಅಂಗಡಿಯಲ್ಲಿ ದೊರೆಯುತ್ತಿತ್ತು. ಭಾವನವರ ನಾಲ್ಕು ನಿಮಿಷ ಯಾವ ಅಂಗಡಿಯಲ್ಲಿ ದೊರೆಯಬೇಕು?

ಹಕ್ಕುದಾರರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ದುಡಿದವನಿಗೆ ಫಲ ಸಿಗಬೇಕು. ಆದರೆ ಬೀಗಕ್ಕೆ ಚಲನಚಿತ್ರ ಯಾವುದು, ತೀರಿಹೋದವರ ಧ್ವನಿ ಯಾವುದು ಎಂಬ ವಿವೇಕವಿರುವುದಿಲ್ಲ. ಆ ವಿವೇಕ ನ್ಯಾಯಾಧೀಶರಲ್ಲಿ, ಗ್ರಂಥಪಾಲಕರಲ್ಲಿ, ಮನುಷ್ಯರಲ್ಲಿ ಇರಬಲ್ಲದು.

ಈಗ ಆ ತುಣುಕಿನ ಐದು ಪ್ರತಿಗಳು ಐದು ಮನೆಗಳಲ್ಲಿವೆ. ನಿಮ್ಮ ಮನೆಗಳಲ್ಲಿಯೂ ಇಂಥ ಪೆಟ್ಟಿಗೆಯೊಂದು ಇರಬಹುದು. ಅದು ಓಡುತ್ತಿರುವಾಗಲೇ ಬೇಕಾದುದನ್ನು ಹೊರತೆಗೆದಿಡಿ. ಸಣ್ಣ ಕಡತಗಳನ್ನು ಎಸೆಯಬೇಡಿ. ಅರ್ಥವಾಗದ ಪ್ರಶ್ನೆಗೆ ಅವಸರದಲ್ಲಿ ‘ಹೌದು’ ಎನ್ನಬೇಡಿ. ಕೊನೆಯ ಮಾತನ್ನು ತರಗತಿಯಲ್ಲಿಯೂ ಹೇಳುತ್ತಿದ್ದೆ, ನೆನಪಿರಬೇಕಲ್ಲ?