ಕೊರತೆಯೇ ಬಂಡವಾಳವಾದ ದೆವ್ವದ ಚಿತ್ರಗಳು

ದೆವ್ವದ ಸಿನಿಮಾ ತೆಗೆಯಲು ಹೊರಟವರನ್ನು ಮೊದಲು ಕಾಡುವುದು ದುಡ್ಡಿನ ದೆವ್ವ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಉತ್ಸಾಹಿಗಳಿಗಂತೂ ಗಾಂಧಿನಗರ ಬಲು ದೂರ. ಆದರೆ ಕಡಿಮೆ ಖರ್ಚಿನಲ್ಲಿ ಹೆದರಿಸುವ ಪಾಠ ಕನ್ನಡ ಚಿತ್ರಗಳಲ್ಲೇ ಇದೆ.

1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಪ್ರೇಕ್ಷಕರನ್ನು ನಡುಗಿಸಿದ್ದು ತಂತ್ರಕ್ಕಿಂತ ಹೆಚ್ಚಾಗಿ, ಹೆಣ್ಣು ಪ್ರೇತ ಮೈಮೇಲೆ ಬಂದ ಅನಂತನಾಗ್ ಅಭಿನಯ. ಸುನಿಲ್‌ಕುಮಾರ್ ದೇಸಾಯಿ 1989ರ ‘ತರ್ಕ’ದಲ್ಲಿ ಹಾಡುಗಳನ್ನೇ ಕೈಬಿಟ್ಟರು. ಅದು ದೆವ್ವದ ಕಥೆಯಲ್ಲ, ನಿಜ. ಆದರೆ ಹಾಡು ಹೋದರೆ ಕುಣಿತ, ಉಡುಪಿನ ಖರ್ಚೂ ಹೋಗುತ್ತದೆ. ಕಥೆಯ ಬಿಗಿಯೂ ಸಡಿಲವಾಗುವುದಿಲ್ಲ. ಅವರದೇ ಹಾಡಿಲ್ಲದ ‘ನಿಷ್ಕರ್ಷ’ವನ್ನು (1994) ನಿರ್ಮಿಸಿದವರು ಮುಂದೆ ಹಿರೇಕೆರೂರಿನ ಶಾಸಕರಾದ ಬಿ.ಸಿ. ಪಾಟೀಲ.

ಚಿತ್ರಕಥೆ ಬರೆಯುವವರು ಉಪೇಂದ್ರರ ‘ಶ್!’ (1993) ನೋಡಲೇಬೇಕು. ಸಿನಿಮಾ ತಂಡವೇ ಅಲ್ಲಿ ಪಾತ್ರವರ್ಗ, ಚಿತ್ರೀಕರಣದ ತಾಣವೇ ದೆವ್ವದ ನೆಲೆ. ಕೈಯಲ್ಲಿದ್ದುದನ್ನೇ ಕಥೆ ಮಾಡಿಕೊಂಡ ಜಾಣತನವಿದು! 2013ರ ‘6-5=2’ ಇನ್ನೂ ಮುಂದೆ ಹೋಯಿತು. ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂದೇ ಅದನ್ನು ತೋರಿಸಲಾಯಿತು. ಅಮೆರಿಕದ ‘ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ತೋರಿದ ದಾರಿ ಇದು. ಅಲುಗಾಡುವ ಚಿತ್ರ, ಮಂಕು ಬೆಳಕು ಇಲ್ಲಿ ದೋಷವಲ್ಲ, ಸಾಕ್ಷಿ.

ತಾಣಗಳಿಗೆ ನಮ್ಮಲ್ಲಿ ಬರವೇ? ಸವಣೂರಿನ ದೊಡ್ಡಹುಣಸೆ ಮರಗಳ ಕೆಳಗೆ ಮುಸ್ಸಂಜೆ ನಿಂತರೆ ಬೇರೆ ಸೆಟ್ ಬೇಡ. ಹಾನಗಲ್ಲಿನ ತಾರಕೇಶ್ವರ ದೇಗುಲ ಸಂರಕ್ಷಿತ ಸ್ಮಾರಕ. ಅಲ್ಲಿ ಚಿತ್ರೀಕರಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಹೊಲದ ನಡುವಿನ ಒಂಟಿ ಮನೆಗಾದರೆ ಯಜಮಾನರ ಒಪ್ಪಿಗೆ ಸಾಕು. ಉಳಿಸಿದ ಹಣವನ್ನು ಒಳ್ಳೆಯ ಮೈಕಿಗೆ ಹಾಕಬೇಕು. ಕತ್ತಲಲ್ಲಿ ಪ್ರೇಕ್ಷಕ ಮೊದಲು ಬೆಚ್ಚುವುದು ಸಪ್ಪಳಕ್ಕೆ.