ಕೆರೆ, ಕಾವಲು, ಕಂದಾಯ: ಮೈಸೂರು ಪ್ರಜಾಪ್ರತಿನಿಧಿ ಸಭೆಯ ದಿನದ ಕೆಲಸ

ಬೆಂಗಳೂರಿನ ಬಾಪೂಜಿ ನಗರವನ್ನು ಸವರಿಕೊಂಡು ಹೋಗುವ ಮೈಸೂರು ರಸ್ತೆ 19ನೇ ಶತಮಾನದಲ್ಲಿ ಪೇಟೆಯ ಹೊರಗಿನ ದಾರಿ. ಗಾಳಿ ಆಂಜನೇಯ ದೇವಸ್ಥಾನದ ಮುಂದೆ ಈಗ ವಾಹನಗಳು ಗಂಟೆಗಟ್ಟಲೆ ನಿಲ್ಲುವ ಜಾಗದಲ್ಲಿ ಆಗ ವೃಷಭಾವತಿಯ ದಂಡೆಯ ಹೊಲ, ತೋಟ. ದಸರೆ ಮುಗಿಯುವ ಹೊತ್ತಿಗೆ ಮೈಸೂರಿನಲ್ಲಿರಬೇಕೆಂದು ಬೆಂಗಳೂರು, ಕೋಲಾರ, ತುಮಕೂರು ಸೀಮೆಗಳ ರೈತ ಮುಖಂಡರು, ವರ್ತಕರು ಈ ದಿಕ್ಕಿಗೆ ಹೊರಡುತ್ತಿದ್ದರು. 1881ರ ಅಕ್ಟೋಬರಿನಲ್ಲಿ ಮೊದಲ ಸಲ ಹೊರಟವರಿಗೆ ಮೈಸೂರಿನ ತನಕ ರೈಲಿರಲಿಲ್ಲ. ಹಳಿ ಅಲ್ಲಿಗೆ ಮುಟ್ಟಿದ್ದು 1882ರಲ್ಲಿ. ಅವರೆಲ್ಲ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರು.

ಈ ಸಭೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ‘ದೇಶದಲ್ಲೇ ಮೊದಲು’ ಎಂಬ ಹೆಮ್ಮೆಯಿಂದ ಶುರುಮಾಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಮೊದಲೆಂಬುದು ಸುಳ್ಳಲ್ಲ, ದೇಶೀ ಸಂಸ್ಥಾನಗಳಲ್ಲಿ ಇಂಥದ್ದು ಅದಕ್ಕೆ ಮುಂಚೆ ಇರಲಿಲ್ಲ. ಆದರೆ 68 ವರ್ಷ ನಡೆದ ಸಭೆಯೊಂದು ವರ್ಷ ವರ್ಷವೂ ಕೂತು ಮಾಡಿದ್ದೇನು? ಕೆರೆಯ ತೂಬು, ಕೋಡಿ, ಹೂಳು. ಸರ್ಕಾರಿ ದನಗಳ ಮೇವಿಗೆ ಮೀಸಲಿಟ್ಟ ಅಮೃತಮಹಲ್ ಕಾವಲಿಗೆ ಊರ ದನ ನುಗ್ಗಿದರೆ ಬೀಳುವ ದಂಡ. ಕಾಡಿನ ಸೌದೆ, ಸೊಪ್ಪಿಗೆ ಬಂದ ಕಟ್ಟುನಿಟ್ಟು. ಮಳೆ ಕೈಕೊಟ್ಟ ವರ್ಷ ಕಂದಾಯದ ಮಾಫಿ. ಅಡಿಕೆಯ ಮೇಲಿನ ಹಾಲತ್ತು ಎಂಬ ಸುಂಕ. ಇಲ್ಲೊಂದು ಸೇತುವೆ, ಅಲ್ಲೊಂದು ಶಾಲೆ. ಇದೇ ಆ ಸಭೆಯ ನಿತ್ಯದ ಸರಕು. ಅದರ ನಿಜವಾದ ಚರಿತ್ರೆ ಈ ಸರಕಿನಲ್ಲೇ ಇದೆ ಎಂಬುದು ನನ್ನ ಎಣಿಕೆ.

ಸಭೆ ಹುಟ್ಟಿದ ಹೊತ್ತನ್ನು ಸ್ವಲ್ಪ ನೋಡಬೇಕು. 1831ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದ ಮೈಸೂರು 1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿತು. ಅರಸರಿಗೆ ಆಗ 18 ವರ್ಷ. 1876–78ರ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತಿದ್ದರು. ಆ ಬರದ ಲೆಕ್ಕದಲ್ಲೇ ಭಾರತ ಸರ್ಕಾರಕ್ಕೆ 80 ಲಕ್ಷ ರೂಪಾಯಿ ಸಾಲ ನಿಂತಿತ್ತು. ಇದರ ಮೇಲೆ ಬ್ರಿಟಿಷರಿಗೆ ಕಟ್ಟುವ ವಾರ್ಷಿಕ ಕಪ್ಪವನ್ನು ಇಪ್ಪತ್ತನಾಲ್ಕೂವರೆ ಲಕ್ಷದಿಂದ 35 ಲಕ್ಷಕ್ಕೆ ಏರಿಸುವ ಕರಾರು. ಬರದಿಂದ ಸಂಸ್ಥಾನ ನೆಲಕಚ್ಚಿದ್ದರಿಂದ ಆ ಏರಿಕೆಯನ್ನು ಐದು ವರ್ಷ ಮುಂದಕ್ಕೆ ಹಾಕಿದರು. ಖಾಲಿ ಖಜಾನೆಯೊಂದಿಗೆ ರಾಜ್ಯ ಕೈಗೆ ಬಂದಾಗ ದಿವಾನ್ ರಂಗಾಚಾರ್ಲು ಅವರಿಗೆ ಎರಡು ಕೆಲಸ ಆಗಬೇಕಿತ್ತು: ತಾನೇನು ಮಾಡುತ್ತಿದ್ದೇನೆಂದು ಜನಕ್ಕೆ ಹೇಳುವುದು, ಅಮಲ್ದಾರರು ಹೇಳದ ಸಂಗತಿಗಳನ್ನು ಜನರಿಂದ ಕೇಳುವುದು.

1881ರ ಆಗಸ್ಟ್ 25ರ ಆದೇಶ ಹೊರಟಿದ್ದು ಈ ಲೆಕ್ಕಾಚಾರದಿಂದ. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ತಿಳಿವಳಿಕಸ್ಥ ರೈತರನ್ನು, ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ವರ್ತಕರನ್ನು ಸ್ಥಳೀಯ ನಿಧಿಯ ಮಂಡಳಿಗಳು ಆರಿಸಿ ಕಳಿಸಬೇಕು. ದಸರೆ ಕಳೆದ ಮೇಲೆ ಸಭೆ ಸೇರಬೇಕು. ಹಿಂದಿನ ವರ್ಷದ ಆಡಳಿತದ ಫಲವನ್ನೂ ಮುಂದಿನ ವರ್ಷದ ಯೋಜನೆಗಳನ್ನೂ ಸರ್ಕಾರ ಅವರ ಮುಂದಿಡಬೇಕು. ಅಕ್ಟೋಬರ್ 7ರಂದು 144 ಸದಸ್ಯರು ಸೇರಿದರು. ಅಧ್ಯಕ್ಷತೆ ದಿವಾನರದ್ದೇ. ಕಾನೂನು ಮಾಡುವ ಅಧಿಕಾರ ಇಲ್ಲ, ಮತ ಹಾಕುವುದಿಲ್ಲ, ಬಜೆಟ್ ತಡೆಯುವ ಮಾತೇ ಇಲ್ಲ.

ಹಾಗಾದರೆ ಇದೊಂದು ದರ್ಬಾರಿನ ಮುಂದುವರಿಕೆಯೇ? ದಸರೆಯ ಜಂಬೂಸವಾರಿ ನೋಡಲು ಬಂದವರನ್ನು ಎರಡು ದಿನ ಹೆಚ್ಚಿಗೆ ಕೂರಿಸಿಕೊಂಡ ಹಾಗೆ ಎಂದು ಆಡಿಕೊಳ್ಳುವುದು ಸುಲಭ. ಅದೇ ಹೊತ್ತಿನಲ್ಲಿ ಕಲ್ಕತ್ತೆಯ ಸ್ಥಿತಿ ಹೇಗಿತ್ತೆಂದು ನೋಡಿದರೆ ಆ ಮಾತು ಹಗುರಾಗುತ್ತದೆ. 1861ರ ಕಾಯ್ದೆಯಂತೆ ವೈಸರಾಯರ ಶಾಸನಸಭೆಗೆ ನೇಮಕಗೊಂಡ ಭಾರತೀಯ ಸದಸ್ಯರು ಮುಂದಿಟ್ಟ ಮಸೂದೆಯ ಬಗ್ಗೆ ಮಾತ್ರ ಮಾತಾಡಬಹುದಿತ್ತು; ಆಡಳಿತದ ಮೇಲೆ ಪ್ರಶ್ನೆ ಕೇಳುವ ಹಕ್ಕು ಅವರಿಗೆ ಸಿಕ್ಕಿದ್ದು 1892ರ ಕಾಯ್ದೆಯಿಂದ. ಮಹಾರಾಜರು, ಜಮೀನ್ದಾರರಂಥ ಆ ಭಾರತೀಯ ಸದಸ್ಯರಿಗೆ ಇಲ್ಲದ ಸಲಿಗೆ ಹನ್ನೊಂದು ವರ್ಷ ಮುಂಚೆಯೇ ಮೈಸೂರಿನ ತಾಲ್ಲೂಕಿನ ರೈತನಿಗೆ ಸಿಕ್ಕಿತ್ತು. ಕಲ್ಕತ್ತೆಯವರು ಮಸೂದೆ ಬಿಟ್ಟು ಬೇರೇನೂ ಆಡುವಂತಿಲ್ಲ, ಮೈಸೂರಿನವರು ಮಸೂದೆಯೊಂದನ್ನು ಬಿಟ್ಟು ಎಲ್ಲವನ್ನೂ ಆಡಬಹುದು! ಸ್ಥಳೀಯ ಸ್ವಯಮಾಡಳಿತದ ಬಗ್ಗೆ ಲಾರ್ಡ್ ರಿಪ್ಪನ್ ಹೊರಡಿಸಿದ ಪ್ರಸಿದ್ಧ ನಿರ್ಣಯ 1882ರದ್ದು, ಕಾಂಗ್ರೆಸ್ ಹುಟ್ಟಿದ್ದು 1885ರಲ್ಲಿ ಎಂಬುದನ್ನೂ ನೆನಪಿಡಬೇಕು.

ರಂಗಾಚಾರ್ಲು ತಾವು ನೆಟ್ಟ ಗಿಡ ಬೆಳೆಯುವುದನ್ನು ನೋಡಲಿಲ್ಲ. 1883ರ ಜನವರಿಯಲ್ಲಿ ತೀರಿಕೊಂಡರು. ಮೈಸೂರಿನ ಪುರಭವನಕ್ಕೆ ಅವರ ಹೆಸರಿದೆ. ಮುಂದಿನ ಹದಿನೆಂಟು ವರ್ಷ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಹೆಚ್ಚು ಖಡಕ್ ಮನುಷ್ಯ, ಸಭೆಯ ಬಗ್ಗೆ ವಿಶೇಷ ಮೋಹ ಇದ್ದವರಲ್ಲ. ಆದರೂ ಸಭೆಗೆ ಕ್ರಮವೊಂದು ಕೂಡಿಬಂದಿದ್ದು ಅವರ ಕಾಲದಲ್ಲೇ. ಮೊದಲು ದಿವಾನರ ಭಾಷಣ: ಮಳೆ ಬೆಳೆ, ಕಂದಾಯ ವಸೂಲಿ, ರೈಲು, ನೀರಾವರಿ, ಕೋಲಾರದ ಚಿನ್ನದ ರಾಯಧನ, ಶಾಲೆ, ಆಸ್ಪತ್ರೆ. ಆಮೇಲೆ ಜಿಲ್ಲೆಯ ಸರದಿಯಂತೆ ಸದಸ್ಯರ ಅಹವಾಲು, ಅದಕ್ಕೆ ದಿವಾನರ ಉತ್ತರ. ಕೆಲವಕ್ಕೆ ಅಲ್ಲೇ ಹೌದು-ಇಲ್ಲ. ಕೆಲವಕ್ಕೆ ‘ವಿಚಾರಿಸಿ ನೋಡಲಾಗುವುದು’. ಈ ನಡಾವಳಿಯನ್ನೆಲ್ಲ ಅಚ್ಚು ಹಾಕಿಸಿದರು. ನನ್ನ ದೃಷ್ಟಿಯಲ್ಲಿ ಸಭೆಗೆ ಬಲ ಬಂದದ್ದು ಈ ಅಚ್ಚಿನಿಂದ. ಹೋದ ವರ್ಷ ‘ವಿಚಾರಿಸುತ್ತೇವೆ’ ಎಂದ ಕೆರೆಯ ಗತಿ ಏನಾಯಿತು ಎಂದು ಈ ವರ್ಷ ಪುಟ ತೆಗೆದು ಕೇಳಬಹುದಿತ್ತು. ಕೇಳುವವನ ಕೈಯಲ್ಲಿ ಬೇರೆ ಅಧಿಕಾರ ಇರಲಿಲ್ಲ ನಿಜ. ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಮಾತ್ರ ಸರ್ಕಾರಕ್ಕೆ ಕಷ್ಟವಾಯಿತು. ತಾಲ್ಲೂಕಿನ ಅಮಲ್ದಾರ ಮುಚ್ಚಿಟ್ಟ ಸಂಗತಿ ದಸರೆಯಲ್ಲಿ ದಿವಾನರ ಕಿವಿಗೆ ನೇರವಾಗಿ ಬೀಳುವ ಭಯವೂ ಇತ್ತು.

ಯಾರು ಕೇಳಬಹುದು ಎಂಬುದೂ ಬದಲಾಗುತ್ತ ಬಂತು. 1887ರಲ್ಲಿ ನಿಗದಿತ ಮೊತ್ತದ ಕಂದಾಯ ಇಲ್ಲವೆ ಮೊಹತರ್ಫಾ (ಕಸುಬು, ಮನೆಗಳ ಮೇಲಿನ ತೆರಿಗೆ) ಕಟ್ಟುವವರಿಗೆ ಸದಸ್ಯತ್ವದ ಅರ್ಹತೆ ದೊರೆಯಿತು. ಪದವೀಧರರಿಗೂ ಬಾಗಿಲು ತೆರೆಯಿತು. 1890–91ರ ಹೊತ್ತಿಗೆ ನೇಮಕದ ಬದಲು ಚುನಾವಣೆ. ಸದಸ್ಯರ ಸಂಖ್ಯೆ ಕೈಮೀರಿ ಬೆಳೆದಾಗ 1894ರಲ್ಲಿ ಅದನ್ನು 275ಕ್ಕೆ ಮಿತಿಗೊಳಿಸಿ, ಅವಧಿಯನ್ನು ಮೂರು ವರ್ಷಕ್ಕೆ ಏರಿಸಿದರು. ಒಂದು ಮಾತನ್ನು ಒತ್ತಿ ಹೇಳಬೇಕು: ಇವರೆಲ್ಲ ಉಳ್ಳವರು. ಗೇಣಿ ಮಾಡುವವನು, ಕೂಲಿಯವನು, ಊರ ಹೊರಗಿನ ಕೇರಿಯವನು ಈ ಸಭೆಯಲ್ಲಿ ಇರಲಿಲ್ಲ. ಕಂದಾಯ ಇಳಿಸಿ ಎಂಬ ಕೂಗು ವರ್ಷ ವರ್ಷ ಎದ್ದದ್ದು, ಗೇಣಿ ಇಳಿಸಿ ಎಂಬ ಮಾತು ಹೊರಡದಿದ್ದದ್ದು ಆಕಸ್ಮಿಕವಲ್ಲ.

19ನೇ ಶತಮಾನದಲ್ಲಿ ಸಭೆ ತನ್ನ ಮಾಮೂಲು ಸರಕನ್ನು ಮೀರಿ ದೊಡ್ಡ ವಿಷಯಕ್ಕೆ ಕೈಹಾಕಿದ ಸಂದರ್ಭ ಒಂದಿದೆ. ಬ್ರಿಟಿಷ್ ಇಂಡಿಯಾದಲ್ಲಿ 1891ರಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ ಕಾಯ್ದೆ ದೊಡ್ಡ ಗದ್ದಲ ಎಬ್ಬಿಸಿತ್ತು. ಮೈಸೂರು ಸರ್ಕಾರ ಮದುವೆಗೇ ಕೈಹಾಕಿತು. ಶಾಸ್ತ್ರದ ವಿಷಯಕ್ಕೆ ಸರ್ಕಾರ ಬರಬಾರದು ಎಂಬವರಿಗೂ ಮುದುಕರಿಗೆ ಮಕ್ಕಳನ್ನು ಕಟ್ಟುವುದು ನಿಲ್ಲಬೇಕು ಎಂಬವರಿಗೂ ಸಭೆಯಲ್ಲಿ ಬಿರುಸಿನ ವಾದ ನಡೆಯಿತು. ಕೊನೆಗೆ 1894ರಲ್ಲಿ ಶಿಶುವಿವಾಹ ತಡೆ ರೆಗ್ಯುಲೇಷನ್ ಬಂತು: ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆ ಅಪರಾಧ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧ. ಇಂದಿನ ಕಣ್ಣಿಗೆ ಇದು ತೀರ ಸಣ್ಣ ಹೆಜ್ಜೆ. ಆದರೆ ಬ್ರಿಟಿಷ್ ಇಂಡಿಯಾದಲ್ಲಿ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬರಲು ಇನ್ನೂ 35 ವರ್ಷ ಇತ್ತು. ಮೈಸೂರಿನ ಕಾನೂನು ಚರಿತ್ರೆಯ ಬಗ್ಗೆ ಬರೆದಿರುವ ಜಾನಕಿ ನಾಯರ್ ಈ ಪ್ರಸಂಗವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಹೆಣ್ಣುಮಕ್ಕಳ ಬಗ್ಗೆ ಇಷ್ಟು ಮಾತು ನಡೆದ ಆ ಸಭೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಹೊಸ ಶತಮಾನದಲ್ಲಿ ಕೆಲಸ ಎರಡಾಗಿ ಒಡೆಯಿತು. ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಹತ್ತಕ್ಕೆ ಕಡಿಮೆಯಿಲ್ಲದ, ಹದಿನೈದಕ್ಕೆ ಮೀರದ ಹೆಚ್ಚುವರಿ ಸದಸ್ಯರ ಪುಟ್ಟ ಮಂಡಳಿ. ಕಾನೂನು ಅಲ್ಲಿ, ಕುಂದುಕೊರತೆ ಇಲ್ಲಿ. ಕಾನೂನು ಮಾಡಲು ಸಭೆ ಇದ್ದರೆ ಅದರ ಕತ್ತಿ ಯಾರ ಕಡೆಗೂ ತಿರುಗಬಹುದು. ಮರುವರ್ಷವೇ ಬಂದ ಪತ್ರಿಕಾ ರೆಗ್ಯುಲೇಷನ್ ಮೈಸೂರಿನ ಪತ್ರಿಕೆಗಳ ಕುತ್ತಿಗೆ ಹಿಡಿಯಿತು. ‘ವೃತ್ತಾಂತ ಚಿಂತಾಮಣಿ’ಯ ಎಂ. ವೆಂಕಟಕೃಷ್ಣಯ್ಯನವರು, ಮೈಸೂರಿನವರ ಬಾಯಲ್ಲಿ ತಾತಯ್ಯ, ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆ ನಿಲ್ಲಿಸಿದರು. ಅವರೇ ಪ್ರಜಾಪ್ರತಿನಿಧಿ ಸಭೆಯ ಹಿರಿಯ ದನಿಯೂ ಆಗಿದ್ದರು.

ವಿಶ್ವೇಶ್ವರಯ್ಯನವರ ಕಾಲದ (1912–18) ಬದಲಾವಣೆಗಳಲ್ಲಿ ಮುಖ್ಯವಾದದ್ದು 1917ರಿಂದ ವರ್ಷಕ್ಕೆ ಎರಡು ಅಧಿವೇಶನ ನಡೆಸಿದ್ದು. ದಸರೆಯದ್ದರ ಜೊತೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಜನ್ಮದಿನದ ಹೊತ್ತಿಗೆ, ಜೂನಿನಲ್ಲಿ, ಇನ್ನೊಂದು. ಮೈಸೂರಿನ ಆರ್ಥಿಕ ವರ್ಷ ಜುಲೈಯಿಂದ ಶುರು. ಹೀಗಾಗಿ ಹಣ ಖರ್ಚಾದ ಮೇಲೆ ದೂರುವ ಬದಲು ಖರ್ಚಾಗುವ ಮುಂಚೆ ಬಜೆಟ್ ಮೇಲೆ ಮಾತಾಡುವ ಅವಕಾಶ ಸದಸ್ಯರಿಗೆ ಸಿಕ್ಕಿತು. ಅದೇ 1917ರಲ್ಲಿ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿ ಹುಟ್ಟಿತು, ಮರುವರ್ಷ ನೌಕರಿಯಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ. ಕೆರೆ ಕಾವಲುಗಳ ಜಾಗದಲ್ಲಿ ಈಗ ಇನ್ನೊಂದು ಪ್ರಶ್ನೆ: ಸರ್ಕಾರಿ ನೌಕರಿ ಯಾರಿಗೆ ಎಷ್ಟು? ಇದು ಮೈಸೂರಿನ ರಾಜಕಾರಣವನ್ನೇ ತಿರುಗಿಸಿತು, ಇಂದಿಗೂ ಬಿಟ್ಟಿಲ್ಲ.

ರಾಜ್ಯಾಂಗ ಸುಧಾರಣೆಗೆಂದು ನೇಮಿಸಿದ್ದ ಬ್ರಜೇಂದ್ರನಾಥ ಸೀಲ್ ಸಮಿತಿಯ ವರದಿಯ ಮೇಲೆ 1923ರಲ್ಲಿ ಎರಡೂ ಸಭೆಗಳು ಶಾಸನಬದ್ಧವಾದವು. ಅಲ್ಲಿಯವರೆಗೆ ಪ್ರಜಾಪ್ರತಿನಿಧಿ ಸಭೆ ನಿಂತಿದ್ದದ್ದು ಅರಸರ ಆದೇಶದ ಮೇಲೆ. ಹೊಸ ತೆರಿಗೆ ಹಾಕುವ ಮುಂಚೆ ಅದನ್ನು ಕೇಳಬೇಕು, ಮಸೂದೆಗಳ ತತ್ತ್ವವನ್ನು ಅದರ ಮುಂದಿಡಬೇಕು ಎಂದಾಯಿತು. 50 ಸದಸ್ಯರ ನ್ಯಾಯವಿಧಾಯಕ ಸಭೆಗೆ ಬಜೆಟ್ಟಿನ ಅನುದಾನ ಬೇಡಿಕೆಗಳ ಮೇಲೆ ಮತ ಹಾಕುವ ಹಕ್ಕು ಬಂತು. ಹೆಂಗಸರಿಗೆ ಮತದಾನದ ಬಾಗಿಲು ತೆರೆಯಿತು. ಹಿಂದೂ ವಿಧವೆಯರ, ಹೆಣ್ಣುಮಕ್ಕಳ ಆಸ್ತಿಹಕ್ಕನ್ನು ವಿಸ್ತರಿಸಿದ 1933ರ ಕಾಯ್ದೆ ಈ ವ್ಯವಸ್ಥೆಯ ಒಳ್ಳೆಯ ಬೆಳೆ. ಬ್ರಿಟಿಷ್ ಇಂಡಿಯಾ ಅಲ್ಲಿಗೆ ಮುಟ್ಟಿದ್ದು 1937ರಲ್ಲಿ. 1940ರ ಕಾಯ್ದೆ ಪ್ರಜಾಪ್ರತಿನಿಧಿ ಸಭೆಯನ್ನು 310ಕ್ಕೆ, ಇನ್ನೊಂದನ್ನು 68ಕ್ಕೆ ಏರಿಸಿತು. ಅಷ್ಟರಲ್ಲಿ ಕಾಂಗ್ರೆಸಿನವರ ಶಿವಪುರದ ಧ್ವಜಸತ್ಯಾಗ್ರಹ, ವಿದುರಾಶ್ವತ್ಥದಲ್ಲಿ ಸೇರಿದ ಜನರ ಮೇಲೆ ಪೊಲೀಸರ ಗುಂಡೇಟು ಆಗಿಹೋಗಿದ್ದವು. ಜನಕ್ಕೆ ಬೇಕಾಗಿದ್ದದ್ದು ಉತ್ತರ ಹೇಳುವ ದಿವಾನರಲ್ಲ, ತಾವೇ ಇಳಿಸಬಹುದಾದ ಮಂತ್ರಿಗಳು. ಕೆ. ಸಿ. ರೆಡ್ಡಿಯವರ ಸರ್ಕಾರ 1947ರ ಅಕ್ಟೋಬರಿನಲ್ಲಿ ಬಂತು. 1949ರ ಡಿಸೆಂಬರ್ 16ರಂದು ಎರಡೂ ಹಳೆಯ ಸಭೆಗಳು ವಿಸರ್ಜನೆಯಾದವು.

ಈಚಿನ ಚರಿತ್ರಕಾರರು ಈ ಸಭೆಯನ್ನು ಹೆಚ್ಚಿಗೆ ಹೊಗಳಿಲ್ಲ. 1936ರಲ್ಲಿ ‘ಮಾಡರ್ನ್ ಮೈಸೂರ್’ ಬರೆದ ಎಂ. ಶಾಮರಾಯರು ಪ್ರಗತಿಯ ಕಥೆಯಾಗಿ ಹೇಳಿದ್ದನ್ನು 1970ರ ದಶಕದಲ್ಲಿ ಬಂದ ಜೇಮ್ಸ್ ಮ್ಯಾನರ್, ಬ್ಯೋರ್ನ್ ಹೆಟ್ನೆ ಅನುಮಾನದಿಂದ ನೋಡಿದರು. ಮೈಸೂರು-ಬೆಂಗಳೂರುಗಳ ರಾಜಕಾರಣಕ್ಕೂ ಹಳ್ಳಿಯ ಯಜಮಾನಿಕೆಗೂ ಹೆಚ್ಚಿನ ಕೊಂಡಿಯೇ ಇರಲಿಲ್ಲ ಎಂಬುದು ಮ್ಯಾನರ್ ವಾದ. ಅಧಿಕಾರದ ಲೆಕ್ಕದಲ್ಲಿ ಅದು ಸರಿ. ಆದರೆ ತಾಲ್ಲೂಕಿನ ಮನುಷ್ಯನೊಬ್ಬ ತನ್ನ ಊರಿನ ಕೆರೆಯ ಹೆಸರು ಹಿಡಿದು ದಿವಾನರನ್ನು ಕೇಳಿ, ಆ ಪ್ರಶ್ನೆ ಅಚ್ಚಾಗಿ ಉಳಿದಿರುವಾಗ ಕೊಂಡಿ ಪೂರ್ತಿ ಇರಲಿಲ್ಲ ಎನ್ನಲು ನನಗೆ ಮನಸ್ಸು ಬಾರದು. ದುರ್ಬಲ ಸಭೆ, ಉಳ್ಳವರ ಸಭೆ, ಗಂಡಸರ ಸಭೆ. ಆದರೂ ಕನ್ನಡನಾಡಿನ ಹಳ್ಳಿಯ ಬೇಕುಬೇಡಗಳು ವರ್ಷವಾರು, ತಾಲ್ಲೂಕುವಾರು ಇಷ್ಟು ವಿವರವಾಗಿ ದಾಖಲಾದ ಕಡತ ಇನ್ನೊಂದನ್ನು ನಾನು ಕಂಡಿಲ್ಲ.

ಬಾಪೂಜಿ ನಗರ, ವಿಜಯನಗರಗಳಲ್ಲಿ ಮನೆ ಮಾಡಿಕೊಂಡವರಲ್ಲಿ ಅರ್ಧಕ್ಕರ್ಧ ಮಂದಿಯ ಬೇರು ಮಂಡ್ಯ, ಹಾಸನ, ತುಮಕೂರು ಕಡೆಯ ಯಾವುದಾದರೊಂದು ಹಳ್ಳಿಯಲ್ಲಿರಬಹುದು. ಆ ಹಳ್ಳಿಯ ಅಹವಾಲೂ ಈ ಕಡತದಲ್ಲಿ ಇದ್ದೀತು. ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳಿಗೆ ತಾಲ್ಲೂಕುವಾರು, ಊರುವಾರು ಸೂಚಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸವನ್ನು ರಾಜ್ಯ ಪತ್ರಾಗಾರವೋ ವಿಶ್ವವಿದ್ಯಾಲಯವೊಂದೋ ಕೈಗೆತ್ತಿಕೊಳ್ಳಲಿ. ಅಲ್ಲಿಯತನಕ ಓದುಗರು ಹಳೆಯ ಸಂಪುಟಗಳಿರುವ ಗ್ರಂಥಾಲಯಕ್ಕೆ ಹೋದಾಗ ತಮ್ಮ ತಾಲ್ಲೂಕಿನ ಹೆಸರಿರುವ ಪುಟವನ್ನು ಹುಡುಕಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.